ಮೂಕವಾದ ಪರದೆ: ಟರ್ಮಿನಲ್ಲನ್ನು ಅರಿಯುವ ಮತ್ತು ಆಳುವ ಬಗೆ

ಕಳೆದ ವರ್ಷದ ಮಳೆಗಾಲದ ಒಂದು ಮಧ್ಯಾಹ್ನ. ನಾನು ಪಾಠ ಹೇಳುವ ಕಾಲೇಜಿನ ಪ್ರಯೋಗಶಾಲೆಯಲ್ಲಿ ಪದವಿ ತರಗತಿಯ ಎರಡು ತಂಡಗಳು ಒಂದೇ ಗಣಕಯಂತ್ರವನ್ನು ಹಂಚಿಕೊಂಡು ಕೆಲಸ ಮಾಡುತ್ತಿದ್ದುವು. ಬಿಸಿಯಾದ ವಸ್ತು ತಣಿಯುವ ಬಗೆಗಿನ ನ್ಯೂಟನ್ನನ ನಿಯಮವನ್ನು ಪರೀಕ್ಷಿಸುವುದು ಮೊದಲನೆಯ ತಂಡದ ಕೆಲಸ. ಕ್ಯಾಲೊರಿಮೀಟರಿನಲ್ಲಿ ಬಿಸಿನೀರು, ಅದರಲ್ಲಿ ಉಷ್ಣತೆಯನ್ನು ಅಳೆಯುವ ಸಂವೇದಿ. 30 ಸೆಕೆಂಡಿಗೆ ಒಂದರಂತೆ ವಾಚನಗಳು ಗಣಕದ ಸ್ಮೃತಿಯಲ್ಲಿ ಸೇರುತ್ತಿದ್ದುವು. ಎರಡನೆಯ ತಂಡವು ಇನ್ನೊಂದು ಮೇಜಿನಿಂದ ಅದೇ ಗಣಕಕ್ಕೆ ಸಂಪರ್ಕ ಪಡೆದು ಥರ್ಮಿಸ್ಟರಿನ ರೋಧವನ್ನು ಪರದೆಯ ಮೇಲೆ ನೋಡುತ್ತಿತ್ತು. ಅದನ್ನು ತೋರಿಸುವ ಕ್ರಮವಿಧಿಯನ್ನು, ಎಂದರೆ ಪ್ರೋಗ್ರಾಮನ್ನು, ಬರೆದವನು ನಾನೇ.

ಥರ್ಮಿಸ್ಟರಿನ ತಂತಿಯೊಂದು ಸಡಿಲವಾಯಿತು. ಸಂಖ್ಯೆ ಬರಬೇಕಾದ ಕಡೆ ಏನೂ ಬರಲಿಲ್ಲ. ನನ್ನ ಕ್ರಮವಿಧಿ ಇದಕ್ಕೆ ಸಿದ್ಧವಾಗಿರಲಿಲ್ಲ; ಅದು ಅರ್ಧದಲ್ಲಿಯೇ ನಿಂತಿತು. ಪರದೆಯ ಮೇಲೆ ತಪ್ಪಿನ ವಿವರ ಮೆಟ್ಟಿಲು ಮೆಟ್ಟಿಲಾಗಿ ಬಲಕ್ಕೆ ಸರಿಯುತ್ತ ಮೂಡಿತು. ವಿದ್ಯಾರ್ಥಿಗಳು ಕೀಲಿಗಳನ್ನು ಒತ್ತಿದರು. ಒಂದು ಅಕ್ಷರವೂ ಕಾಣಲಿಲ್ಲ. "ಸಾರ್, ಯಂತ್ರ ಸತ್ತುಹೋಯಿತು" ಎಂದು ಪಕ್ಕದ ಕೊಠಡಿಯಲ್ಲಿದ್ದ ನನ್ನನ್ನು ಕೂಗಿದರು. ನಾನು ಬರುವಷ್ಟರಲ್ಲಿ ಒಬ್ಬ ವಿದ್ಯಾರ್ಥಿ, ತನಗೆ ತಿಳಿದ ಏಕೈಕ ಚಿಕಿತ್ಸೆಯಾಗಿ, ಗಣಕದ ವಿದ್ಯುತ್ತನ್ನು ಆರಿಸಿ ಮತ್ತೆ ಹಾಕಿದ್ದನು. ಮೊದಲನೆಯ ತಂಡದ 40 ನಿಮಿಷಗಳ 80 ವಾಚನಗಳು ಅಳಿಸಿಹೋದುವು. ನೀರು ಆಗಲೇ ತಣಿದಿತ್ತು.

ಯಂತ್ರ ಸತ್ತಿರಲಿಲ್ಲ. ವಿದ್ಯಾರ್ಥಿಗಳು ಒತ್ತಿದ ಪ್ರತಿಯೊಂದು ಅಕ್ಷರವೂ ಅದಕ್ಕೆ ತಲುಪುತ್ತಿತ್ತು. ಅಕ್ಷರವನ್ನು ಮರಳಿ ಪರದೆಗೆ ಕಳುಹಿಸುವ ಒಂದು ಏರ್ಪಾಡನ್ನು ನನ್ನ ಕ್ರಮವಿಧಿ ನಿಲ್ಲಿಸಿತ್ತು. ಸಾಯುವ ಮುನ್ನ ಅದನ್ನು ಮತ್ತೆ ಮೊದಲಿನಂತೆ ಮಾಡಿರಲಿಲ್ಲ, ಅಷ್ಟೆ. ಆ ಸಂಜೆ ಬೋಗಾದಿಯ ಮನೆಗೆ ಬಂದು ಅದೇ ಕ್ರಮವಿಧಿಯನ್ನು ಬೇಕೆಂದೇ ಕೆಡಿಸಿ, ಪರದೆಯನ್ನು ಹತ್ತಾರು ಬಾರಿ ಮೂಕವಾಗಿಸಿ ನೋಡಿದೆನು. ಆ ರಾತ್ರಿ ಕಲಿತುದನ್ನು ವಿದ್ಯಾರ್ಥಿಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಟರ್ಮಿನಲ್ ಎಂದರೇನು?

ಚಿತ್ರಗಳಿಲ್ಲದೆ ಬರಿಯ ಅಕ್ಷರಗಳ ಮೂಲಕ ಗಣಕದೊಡನೆ ಮಾತನಾಡುವ ಕಪ್ಪು ಕಿಟಕಿಯನ್ನು ಲಿನಕ್ಸ್ ಬಳಸುವ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಅದಕ್ಕೆ ಟರ್ಮಿನಲ್ ಎಂದು ಹೆಸರು. ಆದರೆ ಈ ಕಿಟಕಿಯು ಒಂದು ಹಳೆಯ ಯಂತ್ರದ ನೆರಳು ಮಾತ್ರ. ಮೂಲ ಯಂತ್ರವು ಟೆಲಿಪ್ರಿಂಟರು: ಒಂದು ಕಾಲದಲ್ಲಿ ಪತ್ರಿಕಾಲಯಗಳಲ್ಲಿಯೂ ತಂತಿಕಚೇರಿಗಳಲ್ಲಿಯೂ ಟಕಟಕನೆ ಸುದ್ದಿಯನ್ನು ಅಚ್ಚುಮಾಡುತ್ತಿದ್ದ ಯಂತ್ರ. 1963ರಲ್ಲಿ ಅಮೆರಿಕದಲ್ಲಿ ಬಂದ ಟೆಲಿಟೈಪ್ 33 ಎಂಬ ಮಾದರಿಯನ್ನು ಗಣಕಗಳಿಗೆ ಹೇರಳವಾಗಿ ಜೋಡಿಸಿದರು. ಅದು ಸೆಕೆಂಡಿಗೆ 10 ಅಕ್ಷರಗಳನ್ನು ಕಾಗದದ ಮೇಲೆ ಒತ್ತುತ್ತಿತ್ತು.

ಒಂದು ಸಾಲು ಮುಗಿದ ಮೇಲೆ ಆ ಯಂತ್ರ ಎರಡು ಕೆಲಸಗಳನ್ನು ಮಾಡಬೇಕಾಗಿತ್ತು. ಅಚ್ಚಿನ ತಲೆಯನ್ನು ಎಡತುದಿಗೆ ತರುವುದು ಒಂದು. ಕಾಗದವನ್ನು ಒಂದು ಸಾಲು ಮೇಲೆ ಸರಿಸುವುದು ಇನ್ನೊಂದು. ಎರಡಕ್ಕೂ ಬೇರೆ ಬೇರೆ ಸಂಕೇತಗಳಿದ್ದುವು. ಬಲತುದಿಯಿಂದ ಎಡಕ್ಕೆ ಓಡಿಬರಲು ತಲೆಗೆ ಒಂದು ಅಕ್ಷರದ ಕಾಲವಾದ 0.1 ಸೆಕೆಂಡು ಸಾಲದು. ಆದ್ದರಿಂದ "ಎಡಕ್ಕೆ ಹೋಗು" ಎಂಬ ಸಂಕೇತವನ್ನು ಮೊದಲು ಕಳುಹಿಸಿ, "ಕೆಳಗಿಳಿ" ಎಂಬುದನ್ನು ಅನಂತರ ಕಳುಹಿಸುವುದು ರೂಢಿಯಾಯಿತು. ಎರಡನೆಯ ಸಂಕೇತ ಸಾಗುವ ಹೊತ್ತಿನಲ್ಲಿ ತಲೆ ತನ್ನ ಓಟವನ್ನು ಮುಗಿಸಿಕೊಳ್ಳುತ್ತಿತ್ತು. ಇಂದಿಗೂ ಟರ್ಮಿನಲ್ಲುಗಳಲ್ಲಿ ಇವು ಎರಡು ಪ್ರತ್ಯೇಕ ಸಂಕೇತಗಳೇ. "ಕೆಳಗಿಳಿ" ಎಂಬುದು ಮಾತ್ರ ಹೋಗಿ "ಎಡಕ್ಕೆ ಹೋಗು" ಎಂಬುದು ಹೋಗದಿದ್ದರೆ ಏನಾಗುವುದು? ಪ್ರತಿ ಸಾಲೂ ಹಿಂದಿನ ಸಾಲು ಮುಗಿದ ಕಡೆಯಿಂದಲೇ ಮೊದಲಾಗುವುದು. ಅಂದು ನಮ್ಮ ಪರದೆಯಲ್ಲಿ ಕಂಡ ಮೆಟ್ಟಿಲುಗಳ ರಹಸ್ಯ ಇದೇ.

ಒಂದು ಮಾತಿಗೆ ಹಲವು ಭಾಷೆ

1970ರ ದಶಕದಲ್ಲಿ ಕಾಗದದ ಬದಲು ಗಾಜಿನ ಪರದೆಯುಳ್ಳ ಟರ್ಮಿನಲ್ಲುಗಳು ವ್ಯಾಪಕವಾಗಿ ಬಳಕೆಗೆ ಬಂದುವು. ಪರದೆಯು ಸಾಮಾನ್ಯವಾಗಿ 24 ಸಾಲು, ಸಾಲಿಗೆ 80 ಮನೆ. ಚೌಕಾಬಾರದ ಮನೆಗಳಂತೆ ಒಟ್ಟು 1,920 ಮನೆಗಳು. ಮನೆಗೆ ಒಂದು ಅಕ್ಷರ. ಮುಂದಿನ ಅಕ್ಷರ ಬೀಳುವ ಮನೆಯನ್ನು ತೋರಿಸುವ ಗುರುತಿಗೆ ಕರ್ಸರ್ ಎಂದು ಹೆಸರು. ಕಾಗದದ ಮೇಲೆ ಸಾಧ್ಯವಿಲ್ಲದ ಒಂದು ಸೌಕರ್ಯ ಇಲ್ಲಿ ದೊರೆಯಿತು: ಕರ್ಸರನ್ನು ಬೇಕಾದ ಮನೆಗೆ ನೇರವಾಗಿ ಕಳುಹಿಸಬಹುದು.

ತೊಡಕು ಹುಟ್ಟಿದುದೂ ಇಲ್ಲಿಯೇ. ಕರ್ಸರನ್ನು 5ನೆಯ ಸಾಲಿನ 10ನೆಯ ಮನೆಗೆ ಕಳುಹಿಸಬೇಕೆಂದಿಟ್ಟುಕೊಳ್ಳೋಣ. 1978ರಲ್ಲಿ ಬಂದ ವಿಟಿ 100 ಎಂಬ ಟರ್ಮಿನಲ್ಲಿಗೆ ಎಸ್ಕೇಪ್ ಸಂಕೇತ, ಚೌಕ ಆವರಣ, 5, ಅರ್ಧವಿರಾಮ, 1, 0, ಕೊನೆಗೆ ಎಚ್ ಎಂಬ ಅಕ್ಷರ, ಹೀಗೆ ಏಳು ಸಂಕೇತಗಳನ್ನು ಕಳುಹಿಸಬೇಕು. ಅದಕ್ಕೆ ಎರಡು ವರ್ಷ ಮೊದಲು ಬಂದ ಎಡಿಎಂ 3ಎ ಎಂಬ ಟರ್ಮಿನಲ್ಲಿನ ಕ್ರಮ ಬೇರೆ. ಅದು ಸಾಲುಗಳನ್ನೂ ಮನೆಗಳನ್ನೂ ಸೊನ್ನೆಯಿಂದ ಎಣಿಸುತ್ತದೆ; 5ನೆಯ ಸಾಲು ಅದಕ್ಕೆ 4, 10ನೆಯ ಮನೆ ಅದಕ್ಕೆ 9. ಪ್ರತಿಯೊಂದಕ್ಕೂ 32ನ್ನು ಕೂಡಿದರೆ 36 ಮತ್ತು 41 ಬರುತ್ತವೆ. 36 ಎಂಬುದು $ ಚಿಹ್ನೆಯ ಸಂಕೇತ, 41 ಎಂಬುದು ) ಚಿಹ್ನೆಯ ಸಂಕೇತ. ಆದುದರಿಂದ ಎಸ್ಕೇಪ್, =, $, ) ಎಂಬ ನಾಲ್ಕೇ ಸಂಕೇತಗಳು ಸಾಕು. ಒಂದರ ಮಾತನ್ನು ಇನ್ನೊಂದಕ್ಕೆ ಹೇಳಿದರೆ ಕರ್ಸರು ಹೇಳಿದ ಮನೆಗೆ ಹೋಗುವುದಿಲ್ಲ. ಪರದೆಯ ತುಂಬ ಅರ್ಥವಿಲ್ಲದ ಚಿಹ್ನೆಗಳು ಚೆಲ್ಲುತ್ತವೆ.

ಇಂತಹ ಟರ್ಮಿನಲ್ಲುಗಳು ಹಲವಾರು ಮಾದರಿಗಳಲ್ಲಿ ಮಾರುಕಟ್ಟೆಗೆ ಬಂದುವು. ಪ್ರತಿಯೊಂದು ಮಾದರಿಗೂ ಒಂದೊಂದು ಕ್ರಮವಿಧಿಯನ್ನು ಬರೆಯುವುದು ಸಾಧ್ಯವೆ? 1978ರ ಸುಮಾರಿಗೆ ಬರ್ಕ್ಲಿಯ ವಿಶ್ವವಿದ್ಯಾನಿಲಯದಲ್ಲಿ ಬಿಲ್ ಜಾಯ್ ಎಂಬಾತನು ಇದಕ್ಕೊಂದು ಉಪಾಯವನ್ನು ಕಂಡುಹಿಡಿದನು. ಟರ್ಮಿನಲ್ಲುಗಳ ಗುಣಲಕ್ಷಣಗಳನ್ನೆಲ್ಲ ಒಂದು ಕಡತದಲ್ಲಿ ಬರೆದಿಡುವುದು. ಕ್ರಮವಿಧಿಯು ಆ ಕಡತವನ್ನು ಓದಿ ತನ್ನೆದುರಿನ ಟರ್ಮಿನಲ್ಲಿನ ಭಾಷೆಯನ್ನು ಆ ಕ್ಷಣದಲ್ಲಿ ಕಲಿಯುವುದು. ಈ ಕಡತ ಟರ್ಮ್‌ಕ್ಯಾಪ್. ಅದನ್ನು ಆಧಾರವಾಗಿಟ್ಟುಕೊಂಡು ಅಲ್ಲಿಯೇ ಕೆನ್ ಅರ್ನಾಲ್ಡ್ ಎಂಬಾತನು ಕರ್ಸಸ್ ಎಂಬ ಕ್ರಮವಿಧಿ ಭಂಡಾರವನ್ನು ರಚಿಸಿದನು. ಹೆಸರು ಕರ್ಸರಿನಿಂದ ಬಂದುದು; ಇಂಗ್ಲಿಷಿನಲ್ಲಿ ಅದಕ್ಕೆ ಶಾಪಗಳು ಎಂಬ ಅರ್ಥವೂ ಉಂಟೆಂಬುದನ್ನು ಬಳಸಿದವರೆಲ್ಲರೂ ಒಮ್ಮೆಯಾದರೂ ನೆನೆದಿರುತ್ತಾರೆ. 1980ರ ದಶಕದ ಮೊದಲಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಮೇರಿ ಆನ್ ಹಾರ್ಟನ್ ಅವರು ಟರ್ಮ್‌ಕ್ಯಾಪನ್ನು ಸುಧಾರಿಸಿ ಟರ್ಮಿನ್ಫೊ ಎಂಬ ವರ್ಣನಾಕೋಶವನ್ನು ಸಿದ್ಧಪಡಿಸಿದರು. 1993ರಲ್ಲಿ ಎನ್‌ಕರ್ಸಸ್ ಎಂಬ ಹೆಸರಿನಿಂದ ಹೊರಬಂದ ಮುಕ್ತ ಆವೃತ್ತಿಯೇ ಇಂದಿನ ಲಿನಕ್ಸ್ ಗಣಕಗಳಲ್ಲಿ ಇರುವುದು.

ಮೊದಲು ಕೇಳು

ಕರ್ಸಸ್ ಭಂಡಾರದ ತಳದಲ್ಲಿ ಕೆಲವು ಫಂಕ್ಷನ್ನುಗಳಿವೆ. ಸಾಧಾರಣ ಕ್ರಮವಿಧಿಗಳು ಅವನ್ನು ನೇರವಾಗಿ ಕರೆಯುವುದಿಲ್ಲ. ಮೇಲಿನ ಫಂಕ್ಷನ್ನುಗಳು ಅವನ್ನು ತಾವೇ ಕರೆದುಕೊಳ್ಳುತ್ತವೆ. ಇವುಗಳ ಕೆಲಸವನ್ನು ತಿಳಿಯಲು ಮದುವೆಯ ಛತ್ರದ ಹೋಲಿಕೆಯನ್ನು ತೆಗೆದುಕೊಳ್ಳಬಹುದು. ಛತ್ರವನ್ನು ಹಿಡಿದವರು ಮೊದಲು ಅಲ್ಲಿ ಎಷ್ಟು ಪಾತ್ರೆ, ಎಷ್ಟು ಕುರ್ಚಿ, ಒಲೆ ಎಂತಹುದು ಎಂದು ವಿಚಾರಿಸುತ್ತಾರೆ. ಯಾವುದು ಎಲ್ಲಿತ್ತೆಂದು ಬರೆದಿಟ್ಟುಕೊಳ್ಳುತ್ತಾರೆ. ಅನಂತರ ತಮಗೆ ಬೇಕಾದಂತೆ ಕುರ್ಚಿಗಳನ್ನು ಸರಿಸುತ್ತಾರೆ. ಮದುವೆ ಮುಗಿದ ಮೇಲೆ ಪಟ್ಟಿಯನ್ನು ನೋಡಿ ಎಲ್ಲವನ್ನೂ ಇದ್ದಂತೆ ಒಪ್ಪಿಸಿ ಬೀಗದ ಕೈ ಕೊಡುತ್ತಾರೆ. ಟರ್ಮಿನಲ್ಲನ್ನು ಬಳಸುವ ಕ್ರಮವೂ ಇದೇ.

ವಿಚಾರಿಸುವ ಕೆಲಸ ಸೆಟಪ್‌ಟರ್ಮ್ ಎಂಬ ಫಂಕ್ಷನ್ನಿನದು. ಟರ್ಮಿನಲ್ಲಿನ ಹೆಸರೇನೆಂಬುದನ್ನು ಅದು ಟರ್ಮ್ ಎಂಬ ಪರಿಸರಚರದಿಂದ ತಿಳಿದುಕೊಂಡು, ಟರ್ಮಿನ್ಫೊ ಕೋಶದಲ್ಲಿ ಆ ಹೆಸರಿನ ವರ್ಣನೆಯನ್ನು ಹುಡುಕುತ್ತದೆ. ಫಲವನ್ನು ಒಂದು ಸಂಖ್ಯೆಯ ಮೂಲಕ ಹೇಳುತ್ತದೆ: ವರ್ಣನೆ ದೊರೆತರೆ 1, ಕೋಶವಿದ್ದು ಬಳಸತಕ್ಕ ವರ್ಣನೆ ದೊರೆಯದಿದ್ದರೆ 0, ಕೋಶವೇ ಸಿಕ್ಕದಿದ್ದರೆ –1. ಈ ಸಂಖ್ಯೆಯನ್ನು ಪಡೆಯಲು ಕ್ರಮವಿಧಿಯು ಜಾಗವನ್ನು ಒದಗಿಸದಿದ್ದರೆ, ತಪ್ಪಾದಾಗ ಸೆಟಪ್‌ಟರ್ಮ್ ಒಂದು ಸಂದೇಶವನ್ನು ಬರೆದು ಕ್ರಮವಿಧಿಯನ್ನೇ ಮುಗಿಸಿಬಿಡುತ್ತದೆ.

ವರ್ಣನೆ ದೊರೆತ ಮೇಲೆ ಮೂರು ಬಗೆಯ ಪ್ರಶ್ನೆಗಳನ್ನು ಕೇಳಬಹುದು. "ಈ ಗುಣ ಉಂಟೆ, ಇಲ್ಲವೆ?" ಎಂದು ಕೇಳುವುದು ಟಿಗೆಟ್‌ಫ್ಲಾಗ್. "ಎಷ್ಟು?" ಎಂದು, ಉದಾಹರಣೆಗೆ ಸಾಲಿಗೆ ಎಷ್ಟು ಮನೆಯೆಂದು, ಕೇಳುವುದು ಟಿಗೆಟ್‌ನಮ್. "ಇದನ್ನು ಮಾಡಿಸಲು ಯಾವ ಸಂಕೇತಗಳನ್ನು ಕಳುಹಿಸಬೇಕು?" ಎಂದು ಕೇಳುವುದು ಟಿಗೆಟ್‌ಸ್ಟ್ರ್. ಉತ್ತರಗಳ ರೀತಿ ಗಮನಾರ್ಹವಾದುದು. ಟಿಗೆಟ್‌ನಮ್ –1 ಎಂದರೆ "ಈ ಟರ್ಮಿನಲ್ಲಿನಲ್ಲಿ ಆ ಸಂಖ್ಯೆಯಿಲ್ಲ" ಎಂದರ್ಥ. –2 ಎಂದರೆ "ಆ ಹೆಸರಿನ ಸಂಖ್ಯಾಗುಣವೇ ಇಲ್ಲ, ನಿನ್ನ ಪ್ರಶ್ನೆಯೇ ತಪ್ಪು" ಎಂದರ್ಥ. ಇಲ್ಲ ಎಂಬ ಉತ್ತರಕ್ಕೂ ಪ್ರಶ್ನೆ ಸಲ್ಲದು ಎಂಬ ಉತ್ತರಕ್ಕೂ ಇರುವ ಭೇದವನ್ನು ಭೌತವಿಜ್ಞಾನದ ವಿದ್ಯಾರ್ಥಿ ಚೆನ್ನಾಗಿ ಬಲ್ಲನು. ಉಷ್ಣತಾಮಾಪಕ ಸೊನ್ನೆಯನ್ನು ತೋರಿಸುವುದು ಬೇರೆ, ಅದರ ತಂತಿ ಕಳಚಿರುವುದು ಬೇರೆ. ಅಂದು ನನ್ನ ಕ್ರಮವಿಧಿ ಈ ಎರಡನ್ನು ಬೇರ್ಪಡಿಸಿ ನೋಡದೆ ಇದ್ದುದರಿಂದಲೇ ಬಿದ್ದಿತು.

ಕರ್ಸರನ್ನು ಸಾಗಿಸುವ ಸಂಕೇತದಲ್ಲಿ ಸಾಲು ಮತ್ತು ಮನೆಯ ಸಂಖ್ಯೆಗಳು ಪ್ರತಿ ಬಾರಿಯೂ ಬದಲಾಗುತ್ತವೆ. ಆದ್ದರಿಂದ ವರ್ಣನಾಕೋಶದಲ್ಲಿ ಇರುವುದು ಸಿದ್ಧ ಸಂಕೇತವಲ್ಲ, ಅದನ್ನು ತಯಾರಿಸುವ ಸೂತ್ರ. ವಿಟಿ 100ರ ಸೂತ್ರವು "ಎರಡು ಸಂಖ್ಯೆಗಳಿಗೂ 1 ಕೂಡು, ಮೊದಲನೆಯದನ್ನು ಅಂಕಿಗಳಲ್ಲಿ ಬರೆ, ಅರ್ಧವಿರಾಮ ಹಾಕು, ಎರಡನೆಯದನ್ನು ಬರೆ" ಎನ್ನುತ್ತದೆ. ಎಡಿಎಂ 3ಎ ಸೂತ್ರವು "32 ಕೂಡಿ, ಬಂದ ಮೊತ್ತವನ್ನು ಒಂದು ಅಕ್ಷರವಾಗಿ ಕಳುಹಿಸು" ಎನ್ನುತ್ತದೆ. ಸೂತ್ರಕ್ಕೆ ಸಂಖ್ಯೆಗಳನ್ನು ಹಾಕಿ ಲೆಕ್ಕ ಮಾಡಿಕೊಡುವ ಫಂಕ್ಷನ್ನು ಟಿಪಾರ್ಮ್. ಟರ್ಮಿನಲ್ಲುಗಳ ಭೇದವೆಲ್ಲ ಹೀಗೆ ಕೋಶದಲ್ಲಿ ಉಳಿಯಿತು. ಕ್ರಮವಿಧಿಯು "4, 9" ಎಂದಷ್ಟೇ ಹೇಳಿದರೆ ಸಾಕಾಯಿತು.

ಕಾಯುವುದೂ ಒಂದು ಸಂಕೇತ

ಸಿದ್ಧವಾದ ಸಂಕೇತವನ್ನು ಟರ್ಮಿನಲ್ಲಿಗೆ ಸಾಗಿಸುವವನು ಟಿಪುಟ್ಸ್. ಇದು ಬರಿಯ ಅಂಚೆಯವನಲ್ಲ. ಗಡಿಯಾರವನ್ನು ಹಿಡಿದ ಅಂಚೆಯವನು. ವಿಟಿ 100ರ ವರ್ಣನೆಯಲ್ಲಿ ಪರದೆಯನ್ನು ಪೂರ್ಣವಾಗಿ ಅಳಿಸುವ ಸಂಕೇತದ ಜೊತೆಗೆ 50 ಮಿಲಿಸೆಕೆಂಡುಗಳ ವಿರಾಮವನ್ನು ಸೂಚಿಸಿದೆ. ಆ ಯಂತ್ರಕ್ಕೆ ಅಳಿಸಲು ಅಷ್ಟು ಕಾಲ ಬೇಕು. ನಡುವೆ ಬಂದ ಅಕ್ಷರಗಳು ಕಳೆದುಹೋಗಬಹುದು. ಹಾಗಾದರೆ ಕಾಯುವುದು ಹೇಗೆ? ಅರ್ಥವಿಲ್ಲದ ತುಂಬು ಸಂಕೇತಗಳನ್ನು ಕಳುಹಿಸುತ್ತ ಹೊತ್ತು ಕಳೆಯಬಹುದು.

ಎಷ್ಟು ತುಂಬು ಸಂಕೇತಗಳು ಬೇಕು? ಲೆಕ್ಕ ಸುಲಭ. ತಂತಿಯ ವೇಗ ಸೆಕೆಂಡಿಗೆ 9,600 ಬಿಟ್ಟುಗಳಿರಲಿ. ಮೊದಲನ್ನೂ ಕೊನೆಯನ್ನೂ ತೋರಿಸುವ ಬಿಟ್ಟುಗಳು ಸೇರಿ ಒಂದು ಅಕ್ಷರಕ್ಕೆ 10 ಬಿಟ್ಟು ಎಂದರೆ ಸೆಕೆಂಡಿಗೆ 960 ಅಕ್ಷರ. 50 ಮಿಲಿಸೆಕೆಂಡಿಗೆ 960 × 0.05 = 48 ತುಂಬು ಸಂಕೇತಗಳು. ತಂತಿಯ ವೇಗ 300 ಬಿಟ್ಟಾದರೆ ಒಂದೂವರೆ ಮಾತ್ರ. ಈ ಲೆಕ್ಕವನ್ನು ಟಿಪುಟ್ಸ್ ತಾನೇ ಮಾಡಿಕೊಳ್ಳುತ್ತದೆ. ಟರ್ಮಿನಲ್ಲೇ "ನಿಲ್ಲು", "ಕಳುಹಿಸು" ಎಂದು ಹೇಳಬಲ್ಲುದಾದರೆ ಸಾಮಾನ್ಯವಾಗಿ ತುಂಬು ಸಂಕೇತಗಳು ಬೇಕಿಲ್ಲ. ಆ ಎರಡು ಮಾತುಗಳು ಇಂದಿಗೂ ಕೀಲಿಮಣೆಯಲ್ಲಿ ಉಳಿದಿವೆ: ಕಂಟ್ರೋಲ್ ಕೀಲಿಯೊಡನೆ ಎಸ್ ಒತ್ತಿದರೆ ನಿಲುಗಡೆ, ಕ್ಯೂ ಒತ್ತಿದರೆ ಬಿಡುಗಡೆ. ಅರಿಯದೆ ಎಸ್ ಒತ್ತಿ "ಯಂತ್ರ ಹೆಪ್ಪುಗಟ್ಟಿತು" ಎಂದು ಗಾಬರಿಯಾದವರು ಎಷ್ಟೋ ಮಂದಿ.

ಈ ಮಂದಗತಿಯಿಂದಲೇ ಕರ್ಸಸ್ ಭಂಡಾರದ ಮಿತವ್ಯಯ ಹುಟ್ಟಿತು. ಸೆಕೆಂಡಿಗೆ 300 ಬಿಟ್ಟಿನ, ಎಂದರೆ 30 ಅಕ್ಷರದ, ತಂತಿಯಲ್ಲಿ 1,920 ಮನೆಗಳನ್ನು ತುಂಬಲು 64 ಸೆಕೆಂಡು ಹಿಡಿಯುತ್ತದೆ. ಪರದೆಯ ಮೇಲಿನ ಉಷ್ಣತೆ 68.4ರಿಂದ 68.3ಕ್ಕೆ ಇಳಿದರೆ ಬದಲಾದುದು ಒಂದೇ ಅಂಕಿ. ಆದುದರಿಂದ ಭಂಡಾರವು ಎರಡು ಚಿತ್ರಗಳನ್ನು ಸ್ಮೃತಿಯಲ್ಲಿಟ್ಟುಕೊಳ್ಳುತ್ತದೆ: ಈಗ ಪರದೆಯಲ್ಲಿ ಏನಿದೆ ಎಂಬುದು, ಏನಿರಬೇಕು ಎಂಬುದು. ಎರಡನ್ನೂ ಹೋಲಿಸಿ ಭೇದವನ್ನು ಮಾತ್ರ ಕಳುಹಿಸುತ್ತದೆ. ಕರ್ಸರನ್ನು ಸಾಗಿಸಲು ಏಳು ಸಂಕೇತ, ಹೊಸ ಅಂಕಿಗೆ ಒಂದು, ಒಟ್ಟು ಎಂಟು. ಕಾಲ ಸುಮಾರು 0.27 ಸೆಕೆಂಡು. ಕರ್ಸರು ಒಂದೇ ಮನೆ ಎಡಕ್ಕೆ ಹೋಗಬೇಕಾಗಿದ್ದರೆ ಏಳು ಸಂಕೇತವೂ ಬೇಡ. ಹಿನ್ನಡೆಯ ಒಂದು ಸಂಕೇತ ಸಾಕು. ಇಂತಹ ಅಗ್ಗದ ದಾರಿಯನ್ನು ಹುಡುಕುವ ಫಂಕ್ಷನ್ನು ಎಂವಿಕರ್.

ಬರೆದಿಟ್ಟುಕೊ, ಹಿಂತಿರುಗಿಸು

ಇದುವರೆಗೆ ಟರ್ಮಿನಲ್ಲಿನ ಗುಣಗಳನ್ನು ಕುರಿತು ಮಾತನಾಡಿದೆವು. ಟರ್ಮಿನಲ್ಲಿಗೂ ಕ್ರಮವಿಧಿಗೂ ನಡುವೆ ಗಣಕದ ಕಾರ್ಯವ್ಯವಸ್ಥೆಯ ಒಂದು ಭಾಗ ಬಾಗಿಲು ಕಾಯುವವನಂತೆ ಕುಳಿತಿರುತ್ತದೆ. ಸಾಧಾರಣ ಸ್ಥಿತಿಯಲ್ಲಿ ಅದು ಮಾಡುವ ಉಪಕಾರಗಳು ಹಲವು. ಒತ್ತಿದ ಅಕ್ಷರವನ್ನು ಮರಳಿ ಪರದೆಗೆ ಕಳುಹಿಸುವುದು. ಇದಕ್ಕೆ ಪ್ರತಿಧ್ವನಿ ಎಂದು ಹೆಸರು. ಇಡೀ ಸಾಲನ್ನು ಕೂಡಿಟ್ಟುಕೊಂಡು, ಎಂಟರ್ ಕೀಲಿ ಒತ್ತಿದ ಮೇಲೆ ಕ್ರಮವಿಧಿಗೆ ಒಪ್ಪಿಸುವುದು. ಎಂಟರ್ ಕೀಲಿಯ "ಎಡಕ್ಕೆ ಹೋಗು" ಸಂಕೇತವನ್ನು ಸಾಲಿನ ಅಂತ್ಯವೆಂದು ಮಾರ್ಪಡಿಸುವುದು. ಕ್ರಮವಿಧಿಯು "ಕೆಳಗಿಳಿ" ಎಂದಾಗಲೆಲ್ಲ "ಎಡಕ್ಕೆ ಹೋಗು" ಎಂಬುದನ್ನು ತಾನಾಗಿ ಸೇರಿಸುವುದು.

ಪರದೆಯನ್ನು ಪೂರ್ಣವಾಗಿ ಆಳಬೇಕಾದ ಕ್ರಮವಿಧಿಗೆ ಈ ಉಪಕಾರಗಳೇ ಅಡ್ಡಿ. ಒತ್ತಿದ ಅಕ್ಷರ ಕರ್ಸರಿದ್ದ ಮನೆಯಲ್ಲಿ ಬಿದ್ದು ಚಿತ್ರವನ್ನು ಕೆಡಿಸುತ್ತದೆ. ಆದ್ದರಿಂದ ಕರ್ಸಸ್ ಇವುಗಳಲ್ಲಿ ಕೆಲವನ್ನು ನಿಲ್ಲಿಸುತ್ತದೆ. ನಿಲ್ಲಿಸುವ ಮೊದಲು ಇದ್ದ ಸ್ಥಿತಿಯನ್ನು ಡೆಫ್‌ಶೆಲ್‌ಮೋಡ್ ಎಂಬ ಫಂಕ್ಷನ್ನು ಬರೆದಿಟ್ಟುಕೊಳ್ಳುತ್ತದೆ. ತನಗೆ ಬೇಕಾದ ಸ್ಥಿತಿಯನ್ನು ಡೆಫ್‌ಪ್ರೋಗ್‌ಮೋಡ್ ಬರೆದಿಟ್ಟುಕೊಳ್ಳುತ್ತದೆ. ಮೊದಲನೆಯದು ಛತ್ರವನ್ನು ಹಿಡಿದಾಗಿನ ಪಟ್ಟಿ, ಎರಡನೆಯದು ಮದುವೆಯ ದಿನದ ಪಟ್ಟಿ. ಅವುಗಳಿಗೆ ಮರಳುವ ಫಂಕ್ಷನ್ನುಗಳು ಕ್ರಮವಾಗಿ ರೀಸೆಟ್‌ಶೆಲ್‌ಮೋಡ್ ಮತ್ತು ರೀಸೆಟ್‌ಪ್ರೋಗ್‌ಮೋಡ್. ಇನಿಟ್‌ಸ್ಕ್ರ್ ಎಂದು ಕರೆದು ಕೆಲಸವನ್ನು ಮೊದಲುಮಾಡಿದರೆ ಪಟ್ಟಿಗಳು ತಾವಾಗಿ ಸಿದ್ಧವಾಗುತ್ತವೆ. ಎಂಡ್‌ವಿನ್ ಎಂದು ಕರೆದು ಮುಗಿಸಿದರೆ ಹಳೆಯ ಸ್ಥಿತಿ ತಾನಾಗಿ ಮರಳುತ್ತದೆ. ಕರ್ಸ್‌ಸೆಟ್ ಎಂಬುದು ಕರ್ಸರನ್ನು ಮರೆಮಾಡುತ್ತದೆ ಅಥವಾ ತೋರಿಸುತ್ತದೆ. ಮೊದಲು ಹೇಗಿತ್ತೆಂಬುದನ್ನು ಅದೂ ಉತ್ತರವಾಗಿ ತಿಳಿಸುತ್ತದೆ, ಹಿಂತಿರುಗಿಸುವಾಗ ನೆನಪಿರಲೆಂದು.

ಈಗ ನಮ್ಮ ಪ್ರಯೋಗಶಾಲೆಯ ಘಟನೆ ತಾನಾಗಿ ಬಿಡಿಸಿಕೊಳ್ಳುತ್ತದೆ. ನನ್ನ ಕ್ರಮವಿಧಿ ಇನಿಟ್‌ಸ್ಕ್ರ್ ಎಂದು ಮೊದಲಾಯಿತು, ಪ್ರತಿಧ್ವನಿಯನ್ನು ನಿಲ್ಲಿಸಿತು, "ಎಡಕ್ಕೆ ಹೋಗು" ಎಂಬುದನ್ನು ಸೇರಿಸುವ ಉಪಕಾರವನ್ನೂ ನಿಲ್ಲಿಸಿತು. ಎಂಡ್‌ವಿನ್ ಇದ್ದುದು ಕಟ್ಟಕಡೆಯ ಸಾಲಿನಲ್ಲಿ. ನಡುವೆ ತಪ್ಪು ತಲೆದೋರಿದಾಗ ಆ ಸಾಲನ್ನು ಮುಟ್ಟುವವರು ಯಾರು? ಮದುವೆಮನೆಯವರು ಬೀಗದ ಕೈಯೊಡನೆ ಮಾಯವಾದಂತಾಯಿತು. ಎಂಡ್‌ವಿನ್ ಬರೆದಿದ್ದರೆ ಸಾಲದು. ಕ್ರಮವಿಧಿಯು ಯಾವ ಬಾಗಿಲಿನಿಂದ ಹೊರಹೋದರೂ ಅದರ ಮೂಲಕವೇ ಹೋಗುವಂತೆ ಬರೆಯಬೇಕು. ಪೈಥಾನ್ ಭಾಷೆಯಲ್ಲಿ ಇದಕ್ಕಾಗಿಯೇ ರ‍್ಯಾಪರ್ ಎಂಬ ಏರ್ಪಾಡಿದೆ: ಒಳಗಿನ ಕ್ರಮವಿಧಿ ಸರಿಯಾಗಿ ಮುಗಿಯಲಿ, ತಪ್ಪಿನಿಂದ ಬೀಳಲಿ, ಅದು ಟರ್ಮಿನಲ್ಲನ್ನು ಹಳೆಯ ಸ್ಥಿತಿಗೆ ತಂದೇ ಬಿಡುತ್ತದೆ. ಹಿಡಿಯಲಾಗದ ಕೊಲ್ಲುಸಂಕೇತವನ್ನು ಹೊರಗಿನಿಂದ ಕಳುಹಿಸಿದರೆ ಮಾತ್ರ ಯಾವ ಏರ್ಪಾಡೂ ನಡೆಯದು.

ಹಾಗೆ ಮೂಕವಾದ ಪರದೆಗೂ ಮದ್ದುಂಟು. ಕಂಟ್ರೋಲ್ ಕೀಲಿಯೊಡನೆ ಜೆ ಒತ್ತಿ, ಕಾಣದಿದ್ದರೂ ಧೈರ್ಯವಾಗಿ "ಎಸ್‌ಟಿಟಿವೈ ಸೇನ್" ಎಂಬ ಆಜ್ಞೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿ, ಮತ್ತೆ ಕಂಟ್ರೋಲ್ ಮತ್ತು ಜೆ ಒತ್ತಬೇಕು. ಸೇನ್ ಎಂದರೆ ಸ್ವಸ್ಥಬುದ್ಧಿ. ಎಂಟರ್ ಕೀಲಿಯ ಬದಲು ಜೆ ಏಕೆ? ಎಂಟರನ್ನು ಸಾಲಿನ ಅಂತ್ಯವಾಗಿ ಮಾರ್ಪಡಿಸುವ ಉಪಕಾರವೂ ನಿಂತಿರಬಹುದು. ಕಂಟ್ರೋಲ್ ಮತ್ತು ಜೆ ನೇರವಾಗಿ "ಕೆಳಗಿಳಿ" ಎಂಬ ಸಂಕೇತವನ್ನೇ ಕಳುಹಿಸುತ್ತವೆ. ಹತ್ತು ಸೆಕೆಂಡಿನ ಕೆಲಸ. ಅದನ್ನು ವಿದ್ಯಾರ್ಥಿಗಳಿಗೆ ಮೊದಲೇ ಹೇಳಿಕೊಟ್ಟಿದ್ದರೆ 80 ವಾಚನಗಳು ಉಳಿಯುತ್ತಿದ್ದುವು.

ಕನ್ನಡದ ಅಕ್ಷರ ಯಾವ ಮನೆಗೆ?

ನಮ್ಮ ಮಾತಿಗೆ ಸಂಬಂಧಿಸಿದ ಒಂದು ಪ್ರಶ್ನೆ ಉಳಿಯಿತು. ಮನೆಗೊಂದು ಅಕ್ಷರ ಎಂಬ ನಿಯಮ ಇಂಗ್ಲಿಷಿಗೆ ಒಪ್ಪುತ್ತದೆ. "ಸ್ತ್ರೀ" ಎಂಬುದು ನಮ್ಮ ಕಣ್ಣಿಗೆ ಒಂದಕ್ಷರ. ಯೂನಿಕೋಡಿನಲ್ಲಿ ಅದು ಸ, ವಿರಾಮ, ತ, ವಿರಾಮ, ರ, ಈಕಾರ ಎಂಬ ಆರು ಸಂಕೇತಗಳು. ಒಂದೊಂದಕ್ಕೆ 3 ಬೈಟಿನಂತೆ 18 ಬೈಟುಗಳು. ಅದಕ್ಕೆ ಪರದೆಯಲ್ಲಿ ಎಷ್ಟು ಮನೆ ಬಿಡಬೇಕು? ಬಹುಬಳಕೆಯ ಒಂದು ಎಣಿಕೆಯಲ್ಲಿ ವಿರಾಮಕ್ಕೆ ಸೊನ್ನೆ, ವ್ಯಂಜನಕ್ಕೆ ಒಂದು, ಈಕಾರಕ್ಕೂ ಒಂದು. ಒಟ್ಟು ನಾಲ್ಕು ಮನೆ. ಈಕಾರವನ್ನು ಸೊನ್ನೆಯಾಗಿ ಹಿಡಿಯುವ ಎಣಿಕೆಯೂ ಉಂಟು, ಅದರಲ್ಲಿ ಮೂರು.

ಮೊದಲನೆಯ ಎಣಿಕೆಯಲ್ಲಿ "ಕಿ" ಒಂದು ಮನೆ, "ಕೀ" ಎರಡು ಮನೆ. ಛಂದಸ್ಸನ್ನು ಓದಿದ ವಿದ್ಯಾರ್ಥಿಗೆ ಲಘುವಿಗೆ ಒಂದು, ಗುರುವಿಗೆ ಎರಡು ಎಂಬ ಮಾತ್ರೆಗಳ ನೆನಪಾಗಿ ಸಂತೋಷವಾಗಬಹುದು. ಆದರೆ ಅದೇ ಎಣಿಕೆಯಲ್ಲಿ "ಕು" ಲಘುವಾದರೂ ಎರಡು ಮನೆಯನ್ನು ಹಿಡಿಯುತ್ತದೆ. ಸ್ವರಚಿಹ್ನೆಯನ್ನು ಯೂನಿಕೋಡ್ ಯಾವ ವರ್ಗಕ್ಕೆ ಸೇರಿಸಿದೆ ಎಂಬುದೇ ಇಲ್ಲಿನ ಆಧಾರ, ಉಚ್ಚಾರಣೆಯಲ್ಲ. ಕ್ರಮವಿಧಿ ಒಂದು ರೀತಿ ಎಣಿಸಿ ಟರ್ಮಿನಲ್ಲು ಇನ್ನೊಂದು ರೀತಿ ಎಣಿಸಿದರೆ, ಸ್ಮೃತಿಯಲ್ಲಿರುವ ಚಿತ್ರಕ್ಕೂ ಪರದೆಗೂ ಹೊಂದಿಕೆ ತಪ್ಪುತ್ತದೆ. ಭೇದವನ್ನು ಮಾತ್ರ ಕಳುಹಿಸುವ ಜಾಣತನ ಆಗ ತಪ್ಪಾದ ಮನೆಯಲ್ಲಿ ಅಂಕಿಯನ್ನು ಬರೆಯುತ್ತದೆ.

ಇದು ಹೊಸ ಪ್ರಶ್ನೆಯಲ್ಲ. 1980ರ ದಶಕದಲ್ಲಿ ಕಾನ್ಪುರದ ಐಐಟಿಯಲ್ಲಿ ಮೊದಲಾಗಿ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ಜಿಸ್ಟ್ ಎಂಬ ಯೋಜನೆಯು ಕನ್ನಡವೂ ಸೇರಿದಂತೆ ಭಾರತೀಯ ಲಿಪಿಗಳನ್ನು ಅಕ್ಷರಪರದೆಗೆ ತಂದಿತು. ಅಕ್ಷರಗಳನ್ನು ಕೂಡಿಸುವ ಹೊರೆಯನ್ನು ಅಲ್ಲಿ ಒಂದು ಪ್ರತ್ಯೇಕ ವಿದ್ಯುನ್ಮಂಡಲವೇ ಹೊತ್ತಿತ್ತು. 1991ರಲ್ಲಿ ಇಸ್ಕಿ ಎಂಬ ಸಂಕೇತಪದ್ಧತಿ ಭಾರತೀಯ ಮಾನಕವಾಯಿತು. ಯೂನಿಕೋಡ್ ಬಂದ ಮೇಲೆ ಸಂಕೇತಗಳ ಪ್ರಶ್ನೆ ಬಗೆಹರಿಯಿತು. ಮನೆಗಳ ಪ್ರಶ್ನೆ ಹಾಗೆಯೇ ಉಳಿಯಿತು. ಬೋಗಾದಿಯ ಪಕ್ಕದಲ್ಲಿಯೇ ಇರುವ ಮಾನಸಗಂಗೋತ್ರಿಯಲ್ಲಿ, 1969ರಲ್ಲಿ ಸ್ಥಾಪಿತವಾದ ಭಾರತೀಯ ಭಾಷೆಗಳ ಕೇಂದ್ರ ಸಂಸ್ಥಾನವಿದೆ. ಭಾಷೆಯನ್ನು ಬಲ್ಲವರೂ ಗಣಕವನ್ನು ಬಲ್ಲವರೂ ಹೀಗೆ ಒಂದೇ ಊರಿನಲ್ಲಿರುವ ಕಡೆ ಈ ಪ್ರಶ್ನೆಯನ್ನು ಯಾರಾದರೊಬ್ಬ ವಿದ್ಯಾರ್ಥಿ ಕೈಗೆತ್ತಿಕೊಳ್ಳಬಾರದೇಕೆ?

ಮಾಡಿ ನೋಡಿ

ಲಿನಕ್ಸ್ ಗಣಕವುಳ್ಳ ವಿದ್ಯಾರ್ಥಿಗಳು ಈ ಮೂರು ಪ್ರಯೋಗಗಳನ್ನು ಮಾಡಬಹುದು. ಗಣಕದಲ್ಲಿ ಬೇರೆಯವರ ಕೆಲಸ ನಡೆಯುತ್ತಿಲ್ಲವೆಂಬುದನ್ನು ಮೊದಲು ನೋಡಿಕೊಳ್ಳಿರಿ.

ಒಂದು: "ಇನ್ಫೊಕಂಪ್" ಎಂಬ ಆಜ್ಞೆಯಿಂದ ನಿಮ್ಮ ಟರ್ಮಿನಲ್ಲಿನ ವರ್ಣನೆಯನ್ನು ತೆಗೆದು, ಕರ್ಸರನ್ನು ಸಾಗಿಸುವ ಸೂತ್ರವನ್ನು ಹುಡುಕಿರಿ. 12ನೆಯ ಸಾಲಿನ 40ನೆಯ ಮನೆಗೆ ಯಾವ ಸಂಕೇತಗಳು ಹೋಗಬೇಕೆಂದು ಕೈಯಿಂದ ಲೆಕ್ಕ ಮಾಡಿರಿ.

ಎರಡು: ಸೆಕೆಂಡಿಗೆ 1,200 ಬಿಟ್ಟಿನ ತಂತಿಯಲ್ಲಿ ಇಡೀ ಪರದೆಯನ್ನು ತುಂಬಲು ಎಷ್ಟು ಕಾಲ ಬೇಕು? ಅಕ್ಷರಕ್ಕೆ 10 ಬಿಟ್ಟೆಂದು ಹಿಡಿಯಿರಿ. ನಿಮ್ಮ ಉತ್ತರ 16 ಸೆಕೆಂಡು ಬಂದರೆ ಸರಿ.

ಮೂರು: "ಎಸ್‌ಟಿಟಿವೈ" ಆಜ್ಞೆಯಿಂದ ಪ್ರತಿಧ್ವನಿಯನ್ನು ನೀವೇ ನಿಲ್ಲಿಸಿರಿ. ಪರದೆ ಮೂಕವಾಗುತ್ತದೆ. ಈಗ ಕಾಣದ ಅಕ್ಷರಗಳನ್ನೇ ನಂಬಿ, ಮೇಲೆ ಹೇಳಿದ ಮದ್ದನ್ನು ಕೊಡಿರಿ. ನಮ್ಮ ಪ್ರಯೋಗಶಾಲೆಯಲ್ಲಿ ಈಗ ವರ್ಷದ ಮೊದಲ ದಿನದ ಮೊದಲ ಪ್ರಯೋಗ ಇದೇ. ವಾಚನಗಳನ್ನು ಸ್ಮೃತಿಯಲ್ಲಿ ಕೂಡಿಡದೆ ಒಂದೊಂದನ್ನೂ ಆಗಲೇ ಕಡತಕ್ಕೆ ಬರೆಯುವ ಪದ್ಧತಿಯೂ ಅಂದಿನಿಂದ ನಡೆದುಬಂದಿದೆ. ಮೊದಲನೆಯ ತಂಡದವರು ಮರುವಾರ ಮತ್ತೆ ನೀರು ಕಾಯಿಸಿ, 80 ವಾಚನಗಳನ್ನೂ ತೆಗೆದುಕೊಂಡು, ನಕ್ಷೆಯನ್ನು ಬರೆದು ಒಪ್ಪಿಸಿದರು.